ಅಮೋನಿಯಂ ಮಾಲಿಬ್ಡೇಟಿನ ಸೀರೆ

ರಸಾಯನಶಾಸ್ತ್ರ ಬಲ್ಲವನಿಗೆ ಒಂದು ಸೀರೆಗೆ ಬಣ್ಣ ಹಾಕುವುದು ಏನು ಮಹಾ ಎಂಬ ಪ್ರಶ್ನೆಯನ್ನು ನಾನೇ ಕೇಳಿಕೊಂಡು, ನಾನೇ ಉತ್ತರಿಸಿ, ನೂರಕ್ಕೆ ನೂರು ಅಂಕವನ್ನೂ ನಾನೇ ಹಾಕಿಕೊಂಡೆ. ಪರೀಕ್ಷೆ ಬರೆಯುವವನೂ ಮೌಲ್ಯಮಾಪಕನೂ ಒಬ್ಬನೇ ಆದರೆ ಫಲಿತಾಂಶ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಮಿಜಾರಿನ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಉಪನ್ಯಾಸಕ. ಹೆಸರು ಸದಾನಂದ. ಮನೆ ಬಂಟ್ವಾಳ ಪೇಟೆಯಲ್ಲಿ. ದಿನಾ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೆಂಡತಿ ವಸಂತಿ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಕಡೆ ಗಲ್ಫಿಗೆ ಹೋಗುವವರು ಗಂಡಂದಿರು, ಊರಲ್ಲಿ ಕಾಯುವವರು ಹೆಂಡತಿಯರು. ನಮ್ಮ ಮನೆಯಲ್ಲಿ ಉಲ್ಟಾ. ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ವಿಚಾರಿಸುವವರೆಲ್ಲ ಗಂಡ ದುಬೈಯಲ್ಲಿರುವ ಹೆಂಗಸರೇ. "ನಿಮ್ಮವರು ಈ ಸಲ ಯಾವಾಗ ಬರುವುದು?" ಎಂದು ಕೇಳುತ್ತಾರೆ. ನಾನು ತಲೆ ತಗ್ಗಿಸಿ, ರಜೆ ಇನ್ನೂ ಸ್ಯಾಂಕ್ಷನ್ ಆಗಿಲ್ಲ ಎನ್ನುತ್ತೇನೆ. ಅವರು ಸಹಾನುಭೂತಿಯಿಂದ ತಲೆಯಾಡಿಸುತ್ತಾರೆ. ಆ ಸಂಘದಲ್ಲಿ ನಾನೊಬ್ಬನೇ ಮೀಸೆಯ ಸದಸ್ಯ.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಸದ್ದು ಬೇಕಾದರೆ ಕುಕ್ಕರ್ ಇಡಬೇಕು. ವಸಂತಿಯ ಡ್ಯೂಟಿ ಪಾಳಿ ನನಗೆ ಆವರ್ತ ಕೋಷ್ಟಕಕ್ಕಿಂತ ಚೆನ್ನಾಗಿ ಬಾಯಿಪಾಠ. ಈಗ ಅವಳು ಸ್ನಾನ ಮಾಡುತ್ತಿರಬಹುದು, ಈಗ ವಾರ್ಡಿನಲ್ಲಿ ಯಾರದೋ ಬಿ.ಪಿ. ನೋಡುತ್ತಿರಬಹುದು ಎಂದು ಬಸ್ಸಿನ ಕಿಟಕಿಯ ಬಳಿ ಕುಳಿತು ಲೆಕ್ಕ ಹಾಕುವುದು ನನ್ನ ಅಭ್ಯಾಸ. ಮಸ್ಕತ್ತಿನಲ್ಲಿ ಧೂಳುಗಾಳಿ ಎಂದು ಪೇಪರಿನಲ್ಲಿ ಓದಿದ ದಿನ ನಾನು ಬಂಟ್ವಾಳದಲ್ಲಿ ಎದ್ದು ಹೋಗಿ ಕಿಟಕಿ ಹಾಕಿದ್ದುಂಟು. ಹಾಕಿದ ಮೇಲೆಯೇ ಬುದ್ಧಿ ಬಂದದ್ದು. ಆದರೂ ತೆಗೆಯಲಿಲ್ಲ.

ಈ ಸಲ ಅವಳ ಕರಾರು ಮುಗಿಯುವುದರಲ್ಲಿತ್ತು. ಮುಂದುವರಿಸಬೇಕೋ, ಬಿಟ್ಟು ಊರಿಗೆ ಬರಬೇಕೋ ಎಂದು ಫೋನಿನಲ್ಲಿ ಕೇಳಿದಳು. ಬಾ ಎಂದು ಹೇಳಲು ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಆದರೆ ಅವಳು ಒಳ್ಳೆಯ ನರ್ಸ್. ಎಳೆ ಮಕ್ಕಳ ವಾರ್ಡಿನಲ್ಲಿ ಅವಳಿಲ್ಲದೆ ನಡೆಯುವುದಿಲ್ಲ ಎಂದು ಅಲ್ಲಿನ ಡಾಕ್ಟರುಗಳೇ ಹೇಳುತ್ತಾರಂತೆ. ಅಂಥವಳನ್ನು ಒಂದು ಮಾತಿನಿಂದ ಎಳೆದು ತರುವುದು ಗಂಡನ ದಬ್ಬಾಳಿಕೆಯಾದೀತು ಎಂದು ಯೋಚಿಸಿ, ಗಂಟಲು ಸರಿಮಾಡಿಕೊಂಡು, "ನಿನಗೆ ಸರಿ ಕಂಡ ಹಾಗೆ ಮಾಡು" ಎಂದೆ. ಎಂಥ ಉದಾತ್ತ ಗಂಡ ನಾನು ಎಂದು ನನಗೇ ಅನಿಸಿತು. ಆಚೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಎಂದುಕೊಂಡೆ.

ಬಾಯಿಂದ ಹೇಳಲಾಗದ್ದನ್ನು ಬೇರೆ ದಾರಿಯಿಂದ ಹೇಳಬೇಕು ಎಂಬ ಆಲೋಚನೆ ಹುಟ್ಟಿದ್ದು ಆಗ. ಮದುವೆಯಾದ ಹೊಸತರಲ್ಲಿ ಒಮ್ಮೆ ವಸಂತಿಯನ್ನು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಅವಳಿಗೆ ಅಮೋನಿಯಂ ಮಾಲಿಬ್ಡೇಟಿನ ಪ್ರಯೋಗ ತೋರಿಸಿದ್ದೆ. ಈ ಮಾಲಿಬ್ಡೇಟ್ ನೋಡಲಿಕ್ಕೆ ಬಡಪಾಯಿ ಉಪ್ಪು. ಬಿಳಿ ಹರಳು. ನೀರಿಗೆ ಹಾಕಿದರೆ ತಕರಾರಿಲ್ಲದೆ ಕರಗುತ್ತದೆ. ಆದರೆ ಫಾಸ್ಫೇಟ್ ಇರುವ ದ್ರಾವಣಕ್ಕೆ ನೈಟ್ರಿಕ್ ಆಮ್ಲದೊಂದಿಗೆ ಇದನ್ನು ಹಾಕಿ ತುಸು ಬೆಚ್ಚಗೆ ಮಾಡಿದರೆ, ಎಲ್ಲಿತ್ತೋ ಏನೋ, ಪ್ರನಾಳದ ತುಂಬ ಹಳದಿ ಗಸಿ ಏಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಕ್ಯಾನರಿ ಹಳದಿ ಎನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಮೂರು ಕಡೆಯೂ ಕ್ಯಾನರಿ ಹಕ್ಕಿಯನ್ನು ಕಂಡವರಿಲ್ಲ. ಆದರೂ ವಿದ್ಯಾರ್ಥಿಗಳು ಪ್ರತಿ ವರ್ಷ ಅದನ್ನೇ ಬರೆಯುತ್ತಾರೆ, ನಾನು ಪ್ರತಿ ವರ್ಷ ಸರಿ ಹಾಕುತ್ತೇನೆ. ಅಂದು ವಸಂತಿ ಪ್ರನಾಳವನ್ನು ಬೆಳಕಿಗೆ ಹಿಡಿದು, ಈ ಬಣ್ಣದ ಸೀರೆ ಎಲ್ಲಿಯಾದರೂ ಸಿಕ್ಕಿದರೆ ಊಟ ಬಿಟ್ಟಾದರೂ ತೆಗೆದುಕೊಂಡೇನು ಎಂದಿದ್ದಳು.

ಆಮೇಲೆ ನಾವು ಎಷ್ಟೋ ಅಂಗಡಿ ಸುತ್ತಿದೆವು. ನಿಂಬೆ ಹಳದಿ ಉಂಟು, ಅರಿಶಿನ ಹಳದಿ ಉಂಟು, ಬಸ್ಸಿನ ಹಳದಿ ಕೂಡ ಉಂಟು. ಮಾಲಿಬ್ಡೇಟ್ ಹಳದಿ ಇಲ್ಲ.

ಬೆಳ್ತಂಗಡಿಯಲ್ಲಿ ವಸಂತಿಯ ಅಣ್ಣನ ಮಗಳ ಮದುವೆ ನಿಶ್ಚಯವಾಗಿತ್ತು. ಅದಕ್ಕೆಂದೇ ಅವಳು ರಜೆ ಹಾಕಿದ್ದಳು. ಆ ದಿನ ಅವಳು ಆ ಹಳದಿ ಸೀರೆ ಉಟ್ಟು ನಿಂತಾಗ, ಇದನ್ನು ಎಲ್ಲಿಂದ ತಂದಿರಿ ಎಂದು ಕೇಳುತ್ತಾಳೆ. ನಾನೇ ಮಾಡಿದ್ದು ಎನ್ನುತ್ತೇನೆ. ಅವಳಿಗೆ ಎಲ್ಲ ಅರ್ಥವಾಗುತ್ತದೆ. ನಾನು ಬಾಯಿ ತೆರೆಯುವ ಪ್ರಶ್ನೆಯೇ ಬರುವುದಿಲ್ಲ. ಯೋಜನೆ ಇಷ್ಟೇ. ಸರಳ, ಸುಂದರ, ವೈಜ್ಞಾನಿಕ.

ಕಾಲೇಜಿನ ಬಾಟಲಿಗೆ ಕೈ ಹಾಕುವುದು ನನ್ನ ಸ್ವಭಾವವಲ್ಲ. ಲ್ಯಾಬಿಗೆ ಸಾಮಾನು ತರುವವನ ಹತ್ತಿರ ನನಗೆ ಬೇರೆಯೇ ಮಾಲಿಬ್ಡೇಟ್ ಬೇಕು ಎಂದೆ. ಯಾವ ಕಾಲೇಜಿನ ಹೆಸರಿಗೆ ಎಂದು ಕೇಳಿದ. ಮನೆ ಬಳಕೆಗೆ ಎಂದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮಾಲಿಬ್ಡೇಟನ್ನು ಮನೆ ಬಳಕೆಗೆ ಕೊಂಡ ಮೊದಲ ಸಂಸಾರಿ ಬಹುಶಃ ನಾನೇ.

ಈ ಗುಟ್ಟು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಪಕ್ಕದ ಮನೆಯ ಫೆಲಿಕ್ಸ್ ಪೊರ್ಬುಗಳು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಹಾಗೆ ಕರೆಯುವುದು. ಗಲ್ಫಿನ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಏಸಿ ನೋಡಿಕೊಂಡು ನಿವೃತ್ತರಾಗಿ ಬಂದವರು. ಅವರಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿಲ್ಲ. ಇದ್ದರೂ ಅದು ಅವರಿಗೆ ಗೊತ್ತಿಲ್ಲ. ಹರಳನ್ನು ನೋಡಿದ್ದೇ ಅವರ ಮುಖ ಅರಳಿತು.

"ಮಾಲಿಬ್ಡೇಟಾ ಮಾಸ್ಟ್ರೇ? ನಮ್ಮ ಏಸಿಯ ನೀರು ತಂಪು ಮಾಡುವ ಚಿಲ್ಲರ್ ಪೈಪಿಗೆ ನಾನು ಚೀಲಗಟ್ಟಲೆ ಸುರಿದಿದ್ದೇನೆ. ಒಳಗೆ ತುಕ್ಕು ಅಂತ ಒಂದು ಚುಕ್ಕಿ ಇಲ್ಲ. ಕಬ್ಬಿಣವನ್ನೇ ಕಾಪಾಡುವ ವಸ್ತು, ಸೀರೆಯನ್ನು ಬಿಟ್ಟೀತಾ?"

ಅದು ಸೋಡಿಯಂ ಮಾಲಿಬ್ಡೇಟ್, ಇದು ಅಮೋನಿಯಂ ಎಂದು ತಿದ್ದಿದೆ. ಅಣ್ಣ ತಮ್ಮ ಅಲ್ಲವಾ ಎಂದರು. ಅಲ್ಲಿಂದ ನನ್ನ ಉಪನ್ಯಾಸ ಶುರುವಾಯಿತು. ಪೆಟ್ರೋಲಿನಿಂದ ಗಂಧಕ ತೆಗೆಯುವ ಕಾರ್ಖಾನೆಗೆ ಇದು ಬೇಕು, ಪಿಂಗಾಣಿಯ ಹೊಳಪಿಗೆ ಬೇಕು, ಬಣ್ಣದ ಕಾರ್ಖಾನೆಗೆ ಬೇಕು, ಮಣ್ಣಿನ ಫಾಸ್ಫೇಟ್ ಅಳೆಯಲು ಬೇಕು ಎಂದೆ. ನಮ್ಮ ಕಡೆಯ ಹುಳಿಮಣ್ಣಿನಲ್ಲಿ ಹೂಕೋಸಿನ ಎಲೆ ಬಾಲದ ಹಾಗೆ ಸಪೂರವಾಗುವುದು ಇದರ ಕೊರತೆಯಿಂದಲೇ, ಅಲಸಂಡೆಯ ಬೇರಿನ ಗಂಟಿಗೂ ಇದು ಚಿಟಿಕೆಯಷ್ಟು ಬೇಕು ಎಂದೂ ಹೇಳಿದೆ. ಬೇರೆ ಎಲ್ಲ ಮರೆತ ಪೊರ್ಬುಗಳಿಗೆ ಅಲಸಂಡೆ ಮಾತ್ರ ನೆನಪುಳಿಯಿತು. ಅದರ ಫಲ ಮುಂದೆ ಬರುತ್ತದೆ.

ವಿಜ್ಞಾನಿಯಾದವನು ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಯೋಗ ಮಾಡಬೇಕು. ಮಾಡಿದೆ. ರೇಷ್ಮೆಯ ಒಂದು ಕರ್ಚೀಫನ್ನು ಫಾಸ್ಫೇಟಿನಲ್ಲಿ ನೆನೆಸಿ, ಹಿಂಡಿ, ತೆಳು ಮಾಡಿದ ನೈಟ್ರಿಕ್ ಆಮ್ಲ ಬೆರೆಸಿದ ಮಾಲಿಬ್ಡೇಟಿಗೆ ಅದ್ದಿದೆ. ಆಹಾ, ಹಳದಿ! ಪ್ರದರ್ಶನದ ದಿನ ವಸಂತಿ ಬೆಳಕಿಗೆ ಹಿಡಿದ ಅದೇ ಹಳದಿ. ತೊಳೆದು, ಒಣಗಿಸಿ, ಬಣ್ಣ ಬಾಳುತ್ತದೋ ನೋಡುವ ಎಂದು ಜೋಪಾನವಾಗಿ ಕಪಾಟಿನೊಳಗೆ, ಅವಳ ಸೀರೆಗಳ ಕೆಳಗೆ, ನುಸಿಗುಳಿಗೆಯ ಪಕ್ಕ ಇಟ್ಟೆ. ವಾರ ಕಳೆದು ತೆಗೆದು ನೋಡಿದರೆ ಹಳದಿ ಹಾಗೆಯೇ ಇತ್ತು. ಪ್ರಯೋಗ ಯಶಸ್ವಿ. ಕಪಾಟಿನೊಳಗೆ ಬೆಳಕು ಇಲ್ಲ, ಬೆವರು ಇಲ್ಲ, ನಿಂಬೆಹಣ್ಣು ಇಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೆಂಡತಿ ಕಪಾಟಿನೊಳಗೆ ನಿಂತು ಮದುವೆಗೆ ಹೋಗುವುದಾದರೆ ನನ್ನ ಪ್ರಯೋಗದಲ್ಲಿ ದೋಷವಿರಲಿಲ್ಲ.

ಮೂಡಬಿದ್ರೆಯ ಅಂಗಡಿಯಿಂದ ಅಂಚೂ ಇಲ್ಲದ, ಹೂವೂ ಇಲ್ಲದ, ಕೆನೆಬಣ್ಣದ ರೇಷ್ಮೆ ಸೀರೆ ತಂದೆ. ಭಾನುವಾರ ಹಿತ್ತಿಲಿನಲ್ಲಿ ದೊಡ್ಡ ಬೇಸಿನ್ ಇಟ್ಟು ಕಾರ್ಯಾರಂಭವಾಯಿತು. ಕೈಗವಸು ಹಾಕಿದ್ದೆ. ಆದರೆ ಆರು ಗಜದ ಸೀರೆಯನ್ನು ಗವಸಿನ ಕೈಯಲ್ಲಿ ಹಿಂಡಲು ಪ್ರಯತ್ನಿಸಿದವರಿಗೆ ಗೊತ್ತು, ಅದು ಬಂಗುಡೆ ಮೀನಿನ ಹಾಗೆ ಜಾರುತ್ತದೆ. ಕೊನೆಗೆ ಗವಸು ತೆಗೆದು ಬರಿಗೈಯಲ್ಲಿ ಹಿಂಡಿದೆ. ಮಕ್ಕಳಿಗೆ ವರ್ಷವಿಡೀ ಮಾಡಬೇಡಿ ಎಂದು ಹೇಳುವುದನ್ನು ಮಾಡುವುದರಲ್ಲಿ ಒಂದು ಸುಖವೂ ಉಂಟು. ಸೀರೆ ಅದ್ಭುತವಾಗಿ ಬಂತು. ನೋಡುತ್ತಾ ನಿಂತು ಬಿಟ್ಟೆ. ಅವಳು ಅದನ್ನು ಉಟ್ಟು, ಸೆರಗು ಸರಿಮಾಡಿಕೊಳ್ಳುತ್ತಾ ಬಾಗಿಲಲ್ಲಿ ನಿಂತ ಹಾಗೆ ಅನಿಸಿತು. ಖಾಲಿ ಬಾಗಿಲನ್ನು ಅಷ್ಟು ಹೊತ್ತು ನೋಡುವ ಗಂಡಸನ್ನು ಯಾರಾದರೂ ಕಂಡಿದ್ದರೆ ಡಾಕ್ಟರರಿಗೆ ಹೇಳುತ್ತಿದ್ದರು.

ಡಾಕ್ಟರರಿಗೆ ಹೇಳುವ ಸಂದರ್ಭವೂ ದೂರವಿರಲಿಲ್ಲ. ನೈಟ್ರಿಕ್ ಆಮ್ಲ ತೆಳುವಾದರೂ ಚರ್ಮಕ್ಕೆ ತಾಗಿದರೆ ಹಳದಿ ಮಾಡುತ್ತದೆ. ಆ ಹಳದಿ ಸಾಬೂನಿಗೆ ಬಗ್ಗುವುದಿಲ್ಲ, ಚರ್ಮ ಕಿತ್ತು ಹೋಗುವವರೆಗೆ ಇರುತ್ತದೆ. ನನ್ನ ಎರಡೂ ಕೈಗಳ ಬೆರಳು ಮಾಗಿದ ಬಾಳೆಗೊನೆಯ ಹಾಗಾದವು. ಸಂಜೆ ವೀಡಿಯೋ ಕಾಲ್ ಬಂದಾಗ ಫೋನನ್ನು ಮೇಜಿನ ಮೇಲೆ ಒರಗಿಸಿ, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಮಾತಾಡಿದೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಮೂಗಿನ ಮೇಲೆ ನೊಣ ಕೂತಿತು. ಓಡಿಸಲು ಕೈ ತಾನಾಗಿ ಮೇಲೆ ಬಂತು.

"ಕೈ ತೋರಿಸಿ," ಎಂದಳು ವಸಂತಿ.

ಅದು ಹೆಂಡತಿಯ ದನಿಯಲ್ಲ, ನರ್ಸಿನ ದನಿ. ತೋರಿಸಿದೆ.

"ಕಣ್ಣು ಕೆಳಗೆ ಎಳೆಯಿರಿ. ನಾಲಿಗೆ ಹೊರಗೆ ಹಾಕಿ. ಹಸಿವು ಉಂಟಾ? ನಾಳೆ ಬೆಳಿಗ್ಗೆಯೇ ರಕ್ತ ಕೊಟ್ಟು ಬರಬೇಕು."

ಅವಳ ಕಣ್ಣಲ್ಲಿ ನೀರಿತ್ತು. ಸಾವಿರ ಮೈಲಿಗೂ ಆಚೆ, ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಅದು ಕಂಡಿತು. ಸತ್ಯ ಹೇಳಿದರೆ ಸೀರೆಯ ಗುಟ್ಟು ರಟ್ಟಾಗುತ್ತದೆ. ಹೇಳದಿದ್ದರೆ ಜಾಂಡೀಸ್. ನಾನು ಜಾಂಡೀಸನ್ನು ಆರಿಸಿಕೊಂಡೆ. ನಾಚಿಕೆಯ ಮಾತೆಂದರೆ, ಅವಳು ನನಗಾಗಿ ಅಷ್ಟು ಹೆದರಿದ್ದು ನೋಡಿ ನನಗೆ ಒಳಗೊಳಗೆ ಹಿತವಾಗಿತ್ತು.

ರಕ್ತಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದಕ್ಕೆ ಅವಳಿಗೆ ಇನ್ನೂ ಅನುಮಾನ ಹೆಚ್ಚಾಯಿತು. ನಾರಾವಿಯಲ್ಲಿರುವ ಅತ್ತೆಗೆ, ಅಂದರೆ ಅವಳ ಅಮ್ಮನಿಗೆ, ಫೋನ್ ಹೋಯಿತು. ಮಾರನೆಯ ದಿನವೇ ಅತ್ತೆ ನೆಲನೆಲ್ಲಿಯ ಕಟ್ಟಿನೊಂದಿಗೆ ಬಸ್ಸಿಳಿದರು. ಅಳಿಯನ ಮೇಲೆ ಅವರಿಗೆ ಪ್ರೀತಿ ಜಾಸ್ತಿ. ಆ ಪ್ರೀತಿಯನ್ನು ಅವರು ಅರೆದು, ಮಜ್ಜಿಗೆಯಲ್ಲಿ ಕದಡಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸಿದರು. ಎಣ್ಣೆ ಇಲ್ಲ, ಮೆಣಸು ಇಲ್ಲ, ಮೀನು ಇಲ್ಲ. ಉಪ್ಪಿಲ್ಲದ ಗಂಜಿ. ಉಪ್ಪುಗಳ ವಿಶ್ಲೇಷಣೆಯನ್ನು ಜೀವನವಿಡೀ ಕಲಿಸಿದವನಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಸಿಗಲಿಲ್ಲ.

ಈ ನಡುವೆ ಪೊರ್ಬುಗಳ ಅಲಸಂಡೆ ಚಪ್ಪರ ಮಲಗಿತು. ಬೇಸಿನಿನಲ್ಲಿ ಉಳಿದಿದ್ದ ನೀರನ್ನು ಮಾಲಿಬ್ಡೇಟಿನ ಟಾನಿಕ್ ಎಂದು ಅವರು ನನ್ನನ್ನು ಕೇಳದೆ ಬುಡಕ್ಕೆ ಹೊಯ್ದಿದ್ದರು. ಅದರಲ್ಲಿ ಆಮ್ಲವೂ ಇತ್ತು. ಬೆಳಿಗ್ಗೆ ಬೇಲಿಯ ಬಳಿ ಬಂದು, ನಿಮ್ಮ ಉಪ್ಪಿಗೆ ಕಬ್ಬಿಣವೇ ಲಾಯಕ್ಕು ಮಾಸ್ಟ್ರೇ ಎಂದು ಹೇಳಿ ಹೋದರು. ಆ ಮಾತಿನಲ್ಲಿ ನನಗೊಂದು ಎಚ್ಚರಿಕೆ ಇತ್ತು. ಗಂಜಿ ಕುಡಿದ ಮೆದುಳಿಗೆ ಅದು ನಾಟಲಿಲ್ಲ.

ವಸಂತಿ ಬಂದಳು. ವಿಮಾನ ನಿಲ್ದಾಣದಲ್ಲಿ ಉಳಿದ ಹೆಂಡತಿಯರು ಗಂಡಂದಿರ ಕೈಯಿಂದ ಟ್ರಾಲಿ ತೆಗೆದುಕೊಳ್ಳುತ್ತಿದ್ದರು. ನನ್ನವಳು ಟ್ರಾಲಿ ಬಿಟ್ಟು ಮೊದಲು ನನ್ನ ಕೆಳರೆಪ್ಪೆ ಎಳೆದು ನೋಡಿದಳು. ಆಮೇಲೆ ಬೆರಳು ನೋಡಿದಳು. ಹಳದಿ ಹೋಗಿ ಚರ್ಮ ಸುಲಿಯುತ್ತಿತ್ತು. ಮತ್ತೆ ನನ್ನ ಕೈಯನ್ನು ಬಿಡಲೇ ಇಲ್ಲ. ಅವಳು ಬಂದಾಗ ಮಾತ್ರ ಹೊರಗೆ ತೆಗೆಯುವ ನಮ್ಮ ಹಳೆಯ ಕಾರಿನಲ್ಲಿ ಗೇರು ಬದಲಾಯಿಸುವುದು ಕಷ್ಟವಾಯಿತು. ನಾನು ಹೇಳಲಿಲ್ಲ. ಮೂರನೆಯ ಗೇರಿನಲ್ಲಿಯೇ ಬಂಟ್ವಾಳ ತಲುಪಿದೆ.

ಮದುವೆಯ ದಿನ ಬೆಳಿಗ್ಗೆ ಸೀರೆ ಕೊಟ್ಟೆ. ಅವಳು ಬಿಚ್ಚಿ ನೋಡಿ, ನನ್ನ ಮುಖ ನೋಡಿ, ಮತ್ತೆ ಸೀರೆ ನೋಡಿದಳು. ಎಲ್ಲಿಂದ ಎಂದು ಕೇಳಿದಳು. ನಾನೇ ಮಾಡಿದ್ದು ಎಂದೆ. ಅವಳಿಗೆ ಪ್ರನಾಳದ ನೆನಪು ಬಂತು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೀರೆಯನ್ನು ಒಮ್ಮೆ ಬೆಳಕಿಗೆ ಹಿಡಿದು, ಒಳಗೆ ಉಡಲು ಹೋದಳು. ಉಟ್ಟು ಬಂದು ಬಾಗಿಲಲ್ಲಿ ನಿಂತಳು. ಈ ಭಾಗವನ್ನು ನಾನು ಹಾಸ್ಯ ಮಾಡಲಾರೆ. ಅವಳು ಅಷ್ಟು ಚೆಂದ ಕಂಡಳು.

ಪುಂಜಾಲಕಟ್ಟೆ ದಾಟುವಾಗ ಕಿಟಕಿಯ ಕಡೆಯ ಅವಳ ಭುಜ ತುಸು ಹಸಿರು ಕಂಡಿತು. ಮರಗಳ ನೆರಳಿರಬೇಕು ಎಂದುಕೊಂಡೆ. ಮಡಂತ್ಯಾರಿನಲ್ಲಿ ಮರಗಳಿರಲಿಲ್ಲ. ಹಸಿರು ಇತ್ತು.

ಆಗ ನನ್ನ ತಲೆಯೊಳಗೆ ಪುಸ್ತಕದ ಮುಂದಿನ ಪುಟ ತೆರೆಯಿತು. ಫಾಸ್ಫೋಮಾಲಿಬ್ಡೇಟ್ ಹಳದಿ ನಿಜ. ಆದರೆ ಅದಕ್ಕೆ ಅಪಕರ್ಷಣೆಯಾದರೆ, ಎಂದರೆ ಸರಿಯಾದ ವಸ್ತುವಿನಿಂದ ನಾಲ್ಕು ಎಲೆಕ್ಟ್ರಾನು ಸಿಕ್ಕಿದರೆ, ಅದು ಮಾಲಿಬ್ಡಿನಂ ನೀಲಿಯಾಗುತ್ತದೆ. ನೀರಿನಲ್ಲಿ ಎಷ್ಟು ಫಾಸ್ಫೇಟ್ ಉಂಟು ಎಂದು ಅಳೆಯುವುದೇ ಆ ನೀಲಿಯಿಂದ. ರೇಷ್ಮೆಯ ಮೇಲೆ ಬಿಸಿಲು ಬಿದ್ದರೂ ಆ ಕೆಲಸ ಮೆಲ್ಲನೆ ನಡೆಯುತ್ತದೆ. ಇನ್ನೂ ಬೇಗ ಆಗಬೇಕಾದರೆ ಸಿ ಜೀವಸತ್ವ ಸಾಕು. ಇದನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಕಿಟಕಿ ಹಾಕು ಎಂದೆ. ಸೆಕೆ ಎಂದಳು. ಪೇಪರನ್ನು ಅವಳ ಭುಜಕ್ಕೆ ಹೊದಿಸಿದೆ. ಜಾಂಡೀಸು ತಲೆಗೆ ಏರಿದೆಯಾ ಎಂಬಂತೆ ನೋಡಿದಳು.

ಬೆಳ್ತಂಗಡಿಯ ಮದುವೆ ಹಾಲಿನ ಬಾಗಿಲಲ್ಲಿ ಅತಿಥಿಗಳನ್ನು ಸ್ವಾಗತಿಸಲು ಇಟ್ಟಿದ್ದದ್ದು ನಿಂಬೆ ಶರಬತ್ತು. ದೊಡ್ಡ ಹಂಡೆ, ಸಾಲು ಸಾಲು ಲೋಟ. ಸಿ ಜೀವಸತ್ವದ ಸಮುದ್ರ. ನಾನು ಕಾರಿನಿಂದ ಕೊಡೆ ತೆಗೆದು ಅವಳ ತಲೆಯ ಮೇಲೆ ಹಿಡಿದು, ಹಂಡೆಗೂ ಅವಳಿಗೂ ನಡುವೆ ಅಡ್ಡ ನಿಂತೆ. ಹಾಲಿನೊಳಗೂ ಕೊಡೆ ಮಡಚಲಿಲ್ಲ. ಗಲ್ಫಿನಿಂದ ಬಂದ ಹೆಂಡತಿಗೆ ಗಂಡ ಕೊಡೆ ಹಿಡಿಯುವುದನ್ನು ಜನ ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು.

ಸೀರೆ ನೋಡಿ ಹೆಂಗಸರು ಮುತ್ತಿಕೊಂಡರು. ಎಲ್ಲರ ಕೈಯಲ್ಲೂ ಶರಬತ್ತು. ಇಂಥ ಹಳದಿ ಎಲ್ಲಿ ಸಿಕ್ಕಿತು ಎನ್ನುತ್ತಾ ಒಬ್ಬರು ಸೆರಗು ಸವರಿದರು, ಇನ್ನೊಬ್ಬರು ನೆರಿಗೆ ಮುಟ್ಟಿದರು. ಅತ್ತೆ ಮಗಳನ್ನು ಅಪ್ಪಿಕೊಂಡು ಬೆನ್ನು ತಟ್ಟಿದರು. ಈ ಬಣ್ಣ ಅಂಗಡಿಯಲ್ಲಿ ಸಿಗುವುದಲ್ಲ ಎಂದು ವಸಂತಿ ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಹೆಮ್ಮೆಯನ್ನು ನೋಡಿ ನನ್ನ ಎದೆ ತುಂಬಿತು, ಕಣ್ಣು ಮಾತ್ರ ಶರಬತ್ತಿನ ಲೋಟಗಳನ್ನು ಎಣಿಸುತ್ತಿತ್ತು.

ಧಾರೆ ಮುಗಿಯುವಾಗ ಮೊದಲ ನೀಲಿ ಬೆರಳು ಮೂಡಿತು. ಆಮೇಲೆ ಒಂದೊಂದಾಗಿ ಎಲ್ಲರ ಬೆರಳೂ ಬಂದವು. ಸೆರಗಿನಲ್ಲಿ ಸಣ್ಣಮ್ಮನದು, ನೆರಿಗೆಯಲ್ಲಿ ಅತ್ತಿಗೆಯದು, ಬೆನ್ನ ಮೇಲೆ ಅತ್ತೆಯ ಅಂಗೈ ಉಂಗುರದ ಗುರುತಿನ ಸಮೇತ. ನಡುವೆ ಬಿಸಿಲು ತಾಗಿದ ಕಡೆಯೆಲ್ಲ ಪಾಚಿ ಹಸಿರು. ಸಾಲಾಗಿ ನಿಂತು ಫೋಟೋ ತೆಗೆಸುವಾಗ ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ, ತನ್ನ ಹಿಂದಿನ ಫೋಟೋ ಒಮ್ಮೆ ನೋಡಿ, ಬಹಳ ಗೌರವದಿಂದ ಕೇಳಿದ.

"ಮೇಡಂ, ನೀವು ಸೀರೆ ಬದಲಾಯಿಸಿದ್ರಾ?"

ವಸಂತಿ ತನ್ನನ್ನೇ ನೋಡಿಕೊಂಡಳು. ಸುತ್ತಲಿನವರೂ ನೋಡಿದರು. ಆಗ ಸುಮ್ಮನಿದ್ದಿದ್ದರೆ ಸಾಕಿತ್ತು. ನಾನು ಮುಂದೆ ಬಂದು, ಗಾಬರಿಯಾಗುವ ಅಗತ್ಯವಿಲ್ಲ, ಇದು ನಿರೀಕ್ಷಿತ ರಾಸಾಯನಿಕ ಕ್ರಿಯೆ, ನೈಟ್ರಿಕ್ ಆಮ್ಲದಲ್ಲಿ ಅದ್ದಿದ ಮಾಲಿಬ್ಡೇಟ್ ಹೀಗೆಯೇ ವರ್ತಿಸುತ್ತದೆ ಎಂದು ವಧೂವರರ ಪಕ್ಕದಲ್ಲೇ ನಿಂತು ವಿವರಿಸಿದೆ. ವಧು ತನ್ನ ಸೀರೆಯನ್ನು ಮೆಲ್ಲನೆ ಎಳೆದುಕೊಂಡು ಎರಡು ಹೆಜ್ಜೆ ಸರಿದಳು.

"ಆಮ್ಲವಾ?" ಎಂದಳು ವಸಂತಿ. ನನ್ನ ಸುಲಿದ ಬೆರಳುಗಳನ್ನು ನೋಡಿದಳು. "ಹಾಗಾದ್ರೆ ಆ ಜಾಂಡೀಸು?"

ಅತ್ತೆಯ ಕಿವಿ ಚುರುಕು. ಖಾಲಿ ಹೊಟ್ಟೆಗೆ ಕುಡಿಸಿದ ನೆಲನೆಲ್ಲಿ, ಉಪ್ಪಿಲ್ಲದ ಗಂಜಿ, ನನ್ನ ಚೇತರಿಕೆಗೆಂದು ಅವರು ಹೊತ್ತ ಹರಕೆ ಎಲ್ಲವೂ ಅವರ ಮುಖದ ಮೇಲೆ ಒಂದರ ಹಿಂದೆ ಒಂದು ಹಾದುಹೋದವು. ಊಟಕ್ಕೆ ಹೋಗುವ ಎಂದು ಬೇರೆಯವರಿಗೆ ಹೇಳಿದರು. ಅಳಿಯನನ್ನು ಕರೆಯಲಿಲ್ಲ.

ವಸಂತಿ ಹಾಲಿನ ಹಿಂದಿನ ಕೈತೊಳೆಯುವ ನಲ್ಲಿಗಳ ಕಡೆ ಹೋದಳು. ನಾನು ಮಡಚಿದ ಕೊಡೆ ಹಿಡಿದು ಹಿಂದೆ ಹೋದೆ. ಎಲ್ಲರೂ ಊಟಕ್ಕೆ ಕೂತಿದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಅವಳು ಸೆರಗು ನೀರಿಗೆ ಹಿಡಿಯಲು ನೋಡಿದಳು. ನೀರಿಗೆ ಹೋಗುವುದಿಲ್ಲ ಎಂದು ಹೇಳುವಷ್ಟು ವಿಜ್ಞಾನ ನನ್ನಲ್ಲಿ ಇನ್ನೂ ಉಳಿದಿತ್ತು. ಅವಳು ನಲ್ಲಿ ನಿಲ್ಲಿಸಿದಳು.

"ಯಾಕೆ ಇದೆಲ್ಲ? ಒಂದು ಸೀರೆಗೆ ಕೈ ಸುಟ್ಟುಕೊಂಡು, ನನ್ನ ಜೀವ ತಿಂದು, ಅಮ್ಮನ ಹತ್ತಿರ ಸುಳ್ಳು ಹೇಳಿ. ಯಾಕೆ?"

ಉತ್ತರವನ್ನು ಸೀರೆ ಹೇಳಬೇಕಿತ್ತು. ಸೀರೆ ಕೈಕೊಟ್ಟಿತ್ತು. ಒಳಗಿನಿಂದ ಪಾಯಸ ಬಡಿಸುವ ಗದ್ದಲ ಕೇಳುತ್ತಿತ್ತು.

"ನೀನು ವಾಪಸು ಹೋಗುವುದು ಬೇಡ," ಎಂದೆ. "ಇಲ್ಲೇ ಇರು. ನನಗೆ ಆಗುವುದಿಲ್ಲ."

ಅವಳ ಭುಜದ ಹಸಿರು ನೋಡನೋಡುತ್ತಲೇ ನೀಲಿಗೆ ತಿರುಗುತ್ತಿತ್ತು. ಇನ್ನು ನನಗೆ ನೋಡಲು ಬೇರೆ ಜಾಗವಿರಲಿಲ್ಲ.

"ನಾನು ಕೇಳಿದೆನಲ್ಲ," ಎಂದಳು. "ಸರಿ ಕಂಡ ಹಾಗೆ ಮಾಡು ಅಂದ್ರಿ. ಇವರಿಗೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ತಿಳ್ಕೊಂಡೆ. ಮರುದಿನವೇ ಸಹಿ ಹಾಕಿದೆ. ಎರಡು ವರ್ಷಕ್ಕೆ."

ನನ್ನ ಉದಾತ್ತತೆ ಮಸ್ಕತ್ತಿಗೆ ತಲುಪುವಾಗ ಈ ಬಣ್ಣಕ್ಕೆ ತಿರುಗಿತ್ತು. ಕರಾರು ಮುರಿಯಲು ಬರುವುದಿಲ್ಲವೇ ಎಂದು ಕೇಳಿದೆ. ಆ ವಾರ್ಡಿನಲ್ಲಿ ಅವಳನ್ನು ನಂಬಿ ಇಬ್ಬರು ಹೊಸ ನರ್ಸುಗಳನ್ನು ಸೇರಿಸಿಕೊಂಡಿದ್ದಾರಂತೆ, ಅವರಿಗೆ ಕಲಿಸುವುದು ಬಾಕಿ ಉಂಟಂತೆ. ಅವಳು ಮಾತು ಕೊಟ್ಟರೆ ಮುರಿಯುವವಳಲ್ಲ. ಅದು ನನಗೆ ಗೊತ್ತು. ಅದಕ್ಕೇ ಅವಳನ್ನು ಮದುವೆಯಾದದ್ದು.

"ಇಷ್ಟು ವರ್ಷದಲ್ಲಿ ಇವತ್ತೇ ಮೊದಲು ನೀವು ಇದನ್ನು ಹೇಳಿದ್ದು," ಎಂದಳು. "ಅದೂ ಕೈತೊಳೆಯುವ ಜಾಗದಲ್ಲಿ."

ನಗಲು ಶುರುಮಾಡಿದಳು. ಮೊದಲು ಮೆಲ್ಲಗೆ, ಆಮೇಲೆ ಗೋಡೆಗೆ ಒರಗಿ. ನಗುತ್ತಾ ಕಣ್ಣೊರೆಸಲು ಸೆರಗು ತೆಗೆದುಕೊಂಡಳು. ನಾನು ಅವಳ ಕೈ ಹಿಡಿದು ತಡೆದು ನನ್ನ ಕರ್ಚೀಫ್ ಕೊಟ್ಟೆ. ಕಣ್ಣಿಗೆ ಮಾಲಿಬ್ಡೇಟ್ ಒಳ್ಳೆಯದಲ್ಲ. ಅತ್ತೆ ಬದಲಿ ಸೀರೆ ಕಳಿಸಿದರು. ಅವಳು ಉಡಲಿಲ್ಲ. ಅದೇ ನೀಲಿ ಹಸಿರು ಹಳದಿ ಸೀರೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತಳು. ಕೊನೆಯ ಪಂಕ್ತಿಯಲ್ಲಿ ಕೂತ ಯಾರೋ ಇದು ಮಸ್ಕತ್ತಿನ ಫ್ಯಾಶನ್ ಎಂದು ಹೇಳಿದ್ದು ಕೇಳಿಸಿತು.

ರಜೆ ಮುಗಿಯಿತು. ಅವಳು ಹೋದಳು. ಒಂದು ಕಾಲದಲ್ಲಿ ರೇಷ್ಮೆಗೆ ನೀಲಿ ಬಣ್ಣ ಹಾಕಲು ಮಾಲಿಬ್ಡಿನಂ ಉಪ್ಪನ್ನೇ ಬಳಸುತ್ತಿದ್ದರಂತೆ ಎಂದು ಆಮೇಲೆ ಎಲ್ಲೋ ಓದಿದೆ. ಅಂದರೆ ನಾನು ಯಶಸ್ವಿಯಾಗಿದ್ದೆ. ಬಣ್ಣ ಒಂದು ಬಿಟ್ಟು ಉಳಿದದ್ದೆಲ್ಲ ಸರಿ ಇತ್ತು.

ಈಗ ನಾನು ಬಾಯಿಂದಲೇ ಹೇಳುತ್ತೇನೆ. ಒಮ್ಮೆ ಕಟ್ಟೆ ಒಡೆದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಬೇಜಾರು ಎನ್ನುತ್ತೇನೆ, ಬೇಗ ಬಾ ಎನ್ನುತ್ತೇನೆ, ದಿನವೂ ಎನ್ನುತ್ತೇನೆ. ಅವಳ ಕೋಣೆಯ ಸಂಗಾತಿಯರೆಲ್ಲ ನಗುತ್ತಾರಂತೆ. ಮೊನ್ನೆ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮೊದಲು ಅವಳು ಫೋನ್ ಮಾಡಿದಳು. ಇಲ್ಲಿ ಕಾಲೇಜಿನ ಬಿಡುವಿನ ಹೊತ್ತು. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ನಾನು ಶುರು ಮಾಡುವ ಮೊದಲೇ ಅವಳು ತಡೆದಳು.

"ಇವತ್ತು ಅದು ಬೇಡ, ಅಳು ಬರ್ತದೆ. ಬೇರೆ ಏನಾದರೂ ಮಾತಾಡಿ. ಬೇಕಾದ್ರೆ ನಿಮ್ಮ ಉಪ್ಪಿನ ವಿಷಯವೇ ಹೇಳಿ."

ಹೇಳಿದೆ. ಹರಳಿನ ಆಕಾರ ಹೇಳಿದೆ. ಕಾಸಿದರೆ ಅಮೋನಿಯಾ ಬಿಟ್ಟು ಕೊನೆಗೆ ಏನಾಗಿ ಉಳಿಯುತ್ತದೆ ಎಂದು ಹೇಳಿದೆ. ಪಾಠ ಉಕ್ಕಿನ ಕಾರ್ಖಾನೆಗೆ ಬಂದಾಗ ಆಚೆಯಿಂದ ಹೂಂ ಎನ್ನುವುದು ನಿಂತಿತ್ತು. ಕಿವಿಗೊಟ್ಟು ಕೇಳಿದೆ. ಉಸಿರು ಕೇಳಿಸುತ್ತಿತ್ತು, ಏರಿ ಇಳಿಯುವ, ದಣಿದ ಉಸಿರು. ಇಷ್ಟು ಹತ್ತಿರದಿಂದ ಅದನ್ನು ಕೇಳಿ ಎಷ್ಟೋ ತಿಂಗಳಾಗಿತ್ತು. ಬೆಲ್ ಹೊಡೆಯಿತು. ನಾನು ಫೋನ್ ಇಡಲಿಲ್ಲ. ಪಿಂಗಾಣಿ ಮುಗಿಸಿದೆ, ಹೂಕೋಸು ಮುಗಿಸಿದೆ, ಪೊರ್ಬುಗಳ ಚಿಲ್ಲರ್ ಪೈಪನ್ನೂ ಬಿಡಲಿಲ್ಲ.

ಪ್ರಿನ್ಸಿಪಾಲರು ಬಂದು, ನಿಮಗೆ ಈಗ ಕ್ಲಾಸ್ ಇಲ್ಲವಾ ಎಂದು ಕೇಳಿದರು. ಕ್ಲಾಸಿನಲ್ಲಿಯೇ ಇದ್ದೇನೆ ಎಂದು ಸನ್ನೆ ಮಾಡಿದೆ. ನನ್ನ ಪಾಠಕ್ಕೆ ಮಂದಿ ನಿದ್ದೆ ಹೋಗುವುದು ಹೊಸತಲ್ಲ. ಎಚ್ಚರವಾಗದಿರಲಿ ಎಂದು ದನಿ ತಗ್ಗಿಸಿ ಪಾಠ ಮಾಡಿದ್ದು ಮಾತ್ರ ಅದೇ ಮೊದಲು.